ತೂತಿಲ್ಲದ ಟೆಂಟು

ನವೆಂಬರ್ 4, ಮಂಗಳವಾರ

ಬೆಳಿಗ್ಗೆಯೆಲ್ಲ ಒಂದೇ ಲಾರಿಯ ಟಾರ್ಪಾಲಿಗೆ ತೇಪೆ. ಹೆಗ್ಗಣ ಕಡಿದಿದ್ದು ಎಂದು ಡ್ರೈವರ್ ಸಾಧಿಸಿದ. ಹೆಗ್ಗಣ ಅಷ್ಟು ದುಂಡಗೆ, ಅಂಚು ಸುಟ್ಟು ಕಡಿಯುವುದಿಲ್ಲ. ಸಿಗರೇಟು. ಇರಲಿ, ನನಗೇನು. ತೂತು ಮುಚ್ಚುವುದಷ್ಟೇ ನನ್ನ ಕೆಲಸ.

ಮನೆಗೆ ಬಂದರೆ ಎಲ್ಲ ಕಿಟಕಿ ತೆಗೆದಿತ್ತು. ಮುಚ್ಚಿದೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಮತ್ತೆ ತೆಗೆದಿತ್ತು. ಮದುವೆಯಾದಾಗಿನಿಂದ ಇದೇ ಆಟ, ಇಬ್ಬರೂ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ತಲೆ ನರೆತ ಮೇಲೆ ಮದುವೆಯಾದ ಗಂಡ ಹೆಂಡತಿ ಕಿಟಕಿಗಾಗಿ ಕಿತ್ತಾಡಿದರೆ ನೋಡಿದವರು ನಕ್ಕಾರು.

ಊಟಕ್ಕೆ ಕೂತಾಗ ಅವಳೇ ಶುರು ಮಾಡಿದಳು. "ಬೆಟ್ಟದ ಮೇಲೆ ಸರ್ಕಾರಿ ಪಾರ್ಕ್ ಇದೆಯಲ್ಲ, ಅಲ್ಲಿಗೆ ಹೋಗೋಣ್ವಾ? ಶನಿವಾರ ಹೋಗಿ ಸೋಮವಾರ ಬರೋದು. ಟೆಂಟ್ ಹಾಕ್ಕೊಂಡು ಇರೋದು."

"ಯಾಕೆ?"

"ಯಾಕೆ ಅಂದ್ರೆ? ನೋಡೋಕೆ."

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂರುವವಳು. ಇನ್ನೂ ನೋಡುವುದು ಬಾಕಿ ಇದೆಯಂತೆ.

ನವೆಂಬರ್ 6

ಅಕ್ಕ ಬಂದಿದ್ದಳು. ಈ ಮದುವೆ ಕುದುರಿಸಿದವಳು ಅವಳೇ, ಹಾಗಾಗಿ ಆಗಾಗ ಬಂದು ತಪಾಸಣೆ ನಡೆಸುತ್ತಾಳೆ.

"ಅವಳ ಹಳೇ ರೂಮು ಬಿಟ್ಟಳೇನೋ?"

ಇಲ್ಲ. ಲ್ಯಾಬಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ. ಮದುವೆಗೆ ಮುಂಚೆ ಅಲ್ಲೇ ಇದ್ದಳು. ಈಗಲೂ ವಾರಕ್ಕೊಮ್ಮೆ ಹೋಗಿ ಒಂದಷ್ಟು ಹೊತ್ತು ಇದ್ದು ಬರುತ್ತಾಳೆ. ಅಲ್ಲಿ ಏನು ಮಾಡುತ್ತಾಳೆ? ಕೇಳಬೇಕು ಅನ್ನಿಸುತ್ತದೆ, ನಾಲಿಗೆ ಏಳುವುದಿಲ್ಲ.

"ಆ ಬೀಗದ ಕೈ ಇರೋ ತನಕ ಒಂದು ಕಾಲು ಹೊರಗೇ ಅಂತ ತಿಳ್ಕೋ," ಎಂದು ಹೇಳಿ ಅಕ್ಕ ಹೊರಟಳು. ನನ್ನ ತಲೆಯೊಳಗೆ ಹುಳ ಬಿಟ್ಟು ಹೋಗುವುದರಲ್ಲಿ ಅವಳದು ಎತ್ತಿದ ಕೈ.

ಸಂಜೆ ಧೈರ್ಯ ಮಾಡಿ, ರೂಮು ಬಿಡ್ತೀರಾ ಎಂದು ಕೇಳಿಯೇಬಿಟ್ಟೆ. ಅವಳೆಂದಳು, "ತಿಂಗಳ ಕೊನೆಗೆ ಹೇಳ್ತೀನಿ, ಬಿಡೋದೋ ಇಟ್ಕೊಳ್ಳೋದೋ ಅಂತ. ಮೊದಲು ಬೆಟ್ಟಕ್ಕೆ ಹೋಗಿ ಬರೋಣ."

ಅಂದರೆ ಬೆಟ್ಟವೇ ಪರೀಕ್ಷೆ. ನನಗೆ ಭಯವಾಗಿದೆ — ಬರೆಯುವುದಕ್ಕೇನು ನಾಚಿಕೆ. ಈ ಮನೆಯಲ್ಲಿ ಅವಳಿಲ್ಲದ ಸಂಜೆಗಳು ಹೇಗಿದ್ದವು ಎನ್ನುವುದೇ ಮರೆತುಹೋಗುತ್ತಿದೆ. ನೆನಪಾಗುವುದೂ ಬೇಡ.

ನವೆಂಬರ್ 8, ಶನಿವಾರ

ಪಾರ್ಕಿನ ಆಫೀಸಿಗೆ ಫೋನ್ ಮಾಡಿ ಇಪ್ಪತ್ತೆರಡನೇ ತಾರೀಖಿಗೆ ಜಾಗ ಕೇಳಿದಳು. ಸ್ಪೀಕರ್ ಹಾಕಿದ್ದಳು. ಫೋನ್ ಎತ್ತಿದ ಹೆಂಗಸು ಪಾಪ, ಇವಳ ಪ್ರಶ್ನೆಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ತೂಗುಸೇತುವೆ ಎಷ್ಟು ತೂಗಾಡುತ್ತದೆ. ಕೆರೆಯಲ್ಲಿ ದೋಣಿಗೆ ನಾವೇ ಹುಟ್ಟು ಹಾಕಬಹುದಾ. ಗುಹೆಯೊಳಗೆ ಬಾವಲಿ ಯಾವ ಜಾತಿಯದು.

"ಕರಡಿ ಇದೆಯಾ?" ಇದು ನನ್ನ ಪ್ರಶ್ನೆ, ದೂರದಿಂದ.

"ಇದೆ ಸಾರ್. ಅವಕ್ಕೆ ನೀವು ಬೇಡ, ನಿಮ್ಮ ಬಿಸ್ಕತ್ತು ಬೇಕು. ಟೆಂಟ್ ಒಳಗೆ ತಿನ್ನೋ ಸಾಮಾನು ಇಡಬೇಡಿ, ಅಷ್ಟೇ."

ಫೋನ್ ಇಟ್ಟ ಮೇಲೂ ಅವಳ ಕಣ್ಣು ಹೊಳೆಯುತ್ತಲೇ ಇತ್ತು. ಇಷ್ಟು ದಿನ ಈ ಮುಖ ಎಲ್ಲಿ ಅಡಗಿತ್ತು? ನಾನು ನೋಡಿರಲೇ ಇಲ್ಲ.

ಟೆಂಟು ಅಲ್ಲೇ ಬಾಡಿಗೆಗೆ ಸಿಗುತ್ತದಂತೆ. ಬೇಡ ಎಂದೆ. ಟಾರ್ಪಾಲು ಹೊಲಿಯುವವನ ಹೆಂಡತಿ ಬಾಡಿಗೆ ಟೆಂಟಿನಲ್ಲಿ ಮಲಗುವುದೆಂದರೆ ನನ್ನ ಮರ್ಯಾದೆ ಏನಾಗಬೇಕು. ನಾನೇ ಹೊಲಿಯುತ್ತೇನೆ.

ನವೆಂಬರ್ 13

ವರ್ಕ್‌ಶಾಪಿಗೆ ಬಂದಿದ್ದಳು, ಮೊದಲ ಸಲ. ದೊಡ್ಡ ಮಷೀನನ್ನು ಮುಟ್ಟಿ ನೋಡಿದಳು, ಮೇಣದ ಡಬ್ಬಿ ಮೂಸಿದಳು. ಟೆಂಟಿನ ಹೊಲಿಗೆಯ ಮೇಲೆಲ್ಲ ಎರಡೆರಡು ಸಲ ಮೇಣ ಸವರಿದ್ದೆ. ಬಾಗಿಲಿಗೆ ಮಡಿಕೆಯ ಮೇಲೆ ಮಡಿಕೆ. ಒಂದು ಹನಿ ಒಳಗೆ ಬಂದರೆ ಕೇಳಿ ಎಂದು ಕೊಚ್ಚಿಕೊಂಡೆ.

"ಗಾಳಿ ಎಲ್ಲಿಂದ ಬರುತ್ತೆ?"

"ಗಾಳಿ ಬರೋ ಕಡೆ ನೀರೂ ಬರುತ್ತೆ."

ಅವಳು ಹೂಂ ಎಂದಳು. ಆ ಹೂಂ ನನಗೆ ಸರಿ ಬರಲಿಲ್ಲ.

ನವೆಂಬರ್ 16, ಭಾನುವಾರ. ಬೆಳಿಗ್ಗೆ

ನಿನ್ನೆ ತಾರಸಿಯ ಮೇಲೆ ಟೆಂಟು ಕಟ್ಟಿ ಮಲಗಿದೆವು, ರಿಹರ್ಸಲ್. ಎದ್ದರೆ ಹೊದಿಕೆ ಒದ್ದೆ, ದಿಂಬು ಒದ್ದೆ. ಮೇಲಿನಿಂದ ನನ್ನ ಮೂಗಿನ ಮೇಲೇ ತೊಟ್ಟಿಕ್ಕುತ್ತಿದೆ. ಹೊರಗೆ ಮಳೆ ಬಂದಿಲ್ಲ.

ತೂತು ಹುಡುಕಿದೆ. ಹೊಲಿಗೆ ಹೊಲಿಗೆಯನ್ನೂ ಬೆರಳಿನಿಂದ ತಡವಿದೆ. ಬಕೆಟ್ ತಂದು ಮೇಲಿನಿಂದ ನೀರು ಸುರಿದೆ — ಒಂದು ಹನಿ ಒಳಗೆ ಇಳಿಯಲಿಲ್ಲ. ಮತ್ತೆ ಈ ನೀರು ಎಲ್ಲಿಂದ? ತಲೆ ಕೆಟ್ಟುಹೋಯಿತು.

ಅವಳು ಒಳಗೆ ಕೂತು ಬಟ್ಟೆಯ ಮೇಲೆ ಬೆರಳೆಳೆದು ನೋಡುತ್ತಿದ್ದಳು. "ರೀ, ಇದು ಹೊರಗಿನ ನೀರಲ್ಲ. ನಮ್ಮ ಉಸಿರು. ಹೋಗೋಕೆ ದಾರಿ ಇಲ್ಲದೆ ನೀರಾಗಿದೆ."

ಹೌದು. ಈ ವಯಸ್ಸಿನ ತನಕ ಸಿಮೆಂಟು, ಸಕ್ಕರೆ, ಗೊಬ್ಬರ ಮುಚ್ಚಿಕೊಂಡು ಬಂದಿದ್ದೇನೆ. ಮೂಟೆ ಉಸಿರಾಡುವುದಿಲ್ಲ. ನಾನು ಟೆಂಟು ಹೊಲಿದಿರಲಿಲ್ಲ, ಲಾರಿಗೆ ಹೊದಿಕೆ ಹೊಲಿದು ನಮ್ಮಿಬ್ಬರನ್ನು ಲೋಡ್ ಮಾಡಿದ್ದೆ.

ಇಲ್ಲಿಗೆ ನಗಬೇಕಿತ್ತು. ಅವಳು ನಕ್ಕಳು ಕೂಡ. "ಕತ್ತರಿ ಕೊಡಿ. ಮೇಲೆ ಎರಡು ಕಿಟಕಿ ಮಾಡಿದ್ರೆ ಆಯ್ತು."

"ನನ್ನ ಕೆಲಸಕ್ಕೆ ಕತ್ತರಿ ಹಾಕಬೇಡಿ," ಎಂದೆ. ದನಿಯ ಒರಟುತನ ನನಗೇ ಕೇಳಿಸಿತು.

ಅವಳು ಒದ್ದೆ ಹೊದಿಕೆಯನ್ನು ತಂತಿಗೆ ಹರವಿ, ಬ್ಯಾಗ್ ತೆಗೆದುಕೊಂಡು, "ರೂಮಿಗೆ ಹೋಗ್ತೀನಿ," ಎಂದಳು. ಹೋಗಿ ಬರ್ತೀನಿ ಎನ್ನಲಿಲ್ಲ.

ಸಂಜೆ

ಫೋನ್ ಬಂತು. "ಎರಡು ದಿನ ಇಲ್ಲೇ ಇರ್ತೀನಿ. ಊಟ ಮಾಡಿ."

ಮನೆಯ ಕಿಟಕಿಗಳೆಲ್ಲ ತೆಗೆದೇ ಇವೆ. ಮುಚ್ಚಲು ಎದ್ದವನು ಸುಮ್ಮನೆ ಕೂತೆ. ಮುಚ್ಚಿದರೆ ತೆಗೆಯುವವರು ಯಾರು.

ನವೆಂಬರ್ 18

ಕತ್ತರಿಸಿದೆ.

ಗಟ್ಟಿಮುಟ್ಟಾದ ಬಟ್ಟೆಗೆ ಬೇಕೆಂದೇ ತೂತು ಮಾಡಿದ್ದು ಜನ್ಮದಲ್ಲಿ ಇದೇ ಮೊದಲು. ಕತ್ತರಿ ಇಟ್ಟು ತೆಗೆದು, ಇಟ್ಟು ತೆಗೆದು... ವರ್ಕ್‌ಶಾಪಿನ ಯಜಮಾನರು ನೋಡಿ, "ಏನಯ್ಯ, ಹುಷಾರಿಲ್ವಾ?" ಎಂದರು. ಎದುರುಬದುರು ಎರಡು ಕಿಟಕಿ, ಮೇಲೆ ಮಳೆ ತಡೆಯಲು ಚಾಚಿದ ಮಡಿಕೆ. ಒಳಗೆ ತಲೆ ಹಾಕಿ ಕೂತರೆ ಕೆನ್ನೆಗೆ ಗಾಳಿ ತಾಗಿತು. ಅರೆ, ಚೆನ್ನಾಗಿದೆ. ಇದನ್ನು ಕಂಡುಕೊಳ್ಳಲು ಇಷ್ಟು ವರ್ಷ ಬೇಕಾಯಿತಾ ನನಗೆ?

ಅವಳಿಗೆ ಫೋನ್ ಮಾಡಿದೆ. ಕ್ಷಮಿಸಿ ಎನ್ನಲೆಂದೇ ಮಾಡಿದ್ದು. ಬಾಯಿಂದ ಬಂದದ್ದು, "ಎರಡು ಕಿಟಕಿ ಇಟ್ಟಿದ್ದೀನಿ."

"ಎಷ್ಟು ದೊಡ್ಡದು?"

"ಒಂದೊಂದು ಮೊಳ."

"ಬಲೆ ಹಾಕಿದ್ರಾ? ಸೊಳ್ಳೆ ಬರಲ್ವಾ?"

"ಇಲ್ಲ. ಅಂಗಡಿಯಲ್ಲಿ ಮುಗಿದಿದೆಯಂತೆ. ಬೇರೆ ಕಡೆ ನೋಡ್ತೀನಿ."

"ಸರಿ," ಎಂದು ಇಟ್ಟುಬಿಟ್ಟಳು. ಸರಿ ಎಂದರೆ ಯಾವುದು ಸರಿ?

ನವೆಂಬರ್ 21, ಶುಕ್ರವಾರ

ಎರಡು ದಿನ ಎಂದವಳು ನಿನ್ನೆಯೂ ಬರಲಿಲ್ಲ. ಅಕ್ಕನ ಫೋನ್ ಎತ್ತಲಿಲ್ಲ. ಬಲೆಯೂ ಸಿಗಲಿಲ್ಲ. ನಾಳೆ ಬೆಳಿಗ್ಗೆ ಹೊರಡುವ ಬಸ್ಸಿಗೆ ಎರಡು ಸೀಟು ಬುಕ್ ಆಗಿತ್ತು. ಕ್ಯಾನ್ಸಲ್ ಮಾಡಲು ಮನಸ್ಸು ಬರಲಿಲ್ಲ.

ಮಧ್ಯಾಹ್ನ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಸುರುಳಿ ಸುತ್ತಿದ ಹಸಿರು ಬಲೆ. ಮಾಸಿದೆ, ಅಂಚಿನುದ್ದಕ್ಕೂ ಮೊಳೆ ಕಿತ್ತ ತೂತುಗಳು.

ಎದೆ ಹಗುರಾಯಿತು. ಬಲೆಯನ್ನು ಬಿಡಿಸಿ ಅಳತೆ ಹಿಡಿದೆ. ಅವಳು ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು.

"ಒಂದು ಕೇಳಲಾ? ಆ ರೂಮಿನಲ್ಲಿ ಏನು ಮಾಡ್ತಿದ್ರಿ?"

"ಏನೂ ಇಲ್ಲ. ಕಿಟಕಿ ತೆಗೆದು ಕೂತಿರ್ತಿದ್ದೆ. ಅಲ್ಲಿ ಯಾರೂ ಬಂದು ಮುಚ್ಚಲ್ಲ."

ಇಷ್ಟೇನಾ. ನಾನು ಏನೇನೋ ಅಂದುಕೊಂಡಿದ್ದೆ. ಕಣ್ಣು ಮಂಜಾಗಿ ದಾರ ಸೂಜಿಗೆ ಹೋಗಲಿಲ್ಲ. ಅವಳೇ ಪೋಣಿಸಿ ಕೊಟ್ಟಳು.

ಒಂದು ಕಿಟಕಿ ಮುಗಿಯುವ ಹೊತ್ತಿಗೆ ಮತ್ತೆ ಕೇಳಿದೆ. "ಈ ಬಲೆ ಎಲ್ಲಿ ಸಿಕ್ತು?"

"ರೂಮಿನ ಕಿಟಕಿದೇ ಕಿತ್ಕೊಂಡು ಬಂದೆ."

"ಹಾಗಾದ್ರೆ ಅಲ್ಲಿಗೆ? ಸೊಳ್ಳೆ ತುಂಬ್ಕೊಳ್ಳಲ್ವಾ?"

"ತುಂಬ್ಕೊಳ್ಳಲಿ," ಎಂದಳು. "ಅಲ್ಲಿ ಇನ್ನು ಕಚ್ಚೋಕೆ ಯಾರಿದ್ದಾರೆ?"

ನವೆಂಬರ್ 22, ಶನಿವಾರ. ಬೆಳಗಿನ ಜಾವ

ಬ್ಯಾಗ್, ಟೆಂಟು, ಹಗ್ಗ, ಟಾರ್ಚು ಎಲ್ಲ ಬಾಗಿಲ ಹತ್ತಿರ. ಬಿಸ್ಕತ್ತು ಬೇರೆ ಡಬ್ಬದಲ್ಲಿ, ಕರಡಿಗೆ ಹೆದರಿ. ಗುಹೆಯ ಬಾವಲಿ ನಿಜಕ್ಕೂ ಯಾವ ಜಾತಿಯದೋ, ನನಗೂ ಈಗ ತಿಳಿಯಬೇಕಾಗಿದೆ.

ಅವಳು ಆಗಲೇ ಕೆಳಗಿಳಿದು ಕೂಗುತ್ತಿದ್ದಾಳೆ, ಬಸ್ಸು ಹೋಗುತ್ತದೆ, ಎಲ್ಲ ಮುಚ್ಚಿದಿರಾ ಎಂದು. ಗ್ಯಾಸು ಆಯಿತು, ನಲ್ಲಿ ಆಯಿತು. ಅಡುಗೆಮನೆಯ ಮೇಲಿನ ಚಿಕ್ಕ ಕಿಟಕಿ ಒಂದು — ಅದು ಹಾಗೇ ತೆಗೆದಿರಲಿ.