ಆ ಕೀ ನಮ್ಮ ಮನೆಯದೇ

ಅಣ್ಣಾ,

ಒಬ್ಬನೇ ಒಳಗೆ ಹೋಗಬೇಡ. ಅದಕ್ಕೇ ಈ ಚೀಟಿಯನ್ನ ಹೊರಗೆ ನಿನ್ನ ಹಳೇ ಚಪ್ಪಲಿಯೊಳಗೆ ಸಿಕ್ಕಿಸಿದ್ದೀನಿ. ಅಮ್ಮನ್ನ ಕರಕೊಂಡು ಚಿಕ್ಕಮ್ಮನ ಮನೆಗೆ ಹೊರಟೆ. ಫೋನ್ ಮಾಡೋಣ ಅಂದ್ರೆ, ಮಹಾರಾಯ, ಇವತ್ತೂ ಅದನ್ನ ಬಿಟ್ಟು ಹೋಗಿದ್ದೀಯ.

ಬೆಳಗ್ಗೆ ನಿನ್ನ ಅಂಗಡಿಯ ಎಕ್ಸೆಲ್ ಪಟ್ಟಿ ಸರಿ ಮಾಡ್ತಿದ್ದೆ. ಒಂದು ಹಾಳೆಯಲ್ಲಿ ನೀನು ಬೀಗ ಹಾಕಿಕೊಟ್ಟ ಮನೆಗಳು, ಇನ್ನೊಂದರಲ್ಲಿ ನಕಲು ಮಾಡಿಕೊಟ್ಟ ಕೀಗಳು. ಕೀ ನಂಬರಿಗೆ ತಕ್ಕ ವಿಳಾಸ ಹುಡುಕಿ ತರೋಕೆ ವಿಲುಕಪ್ ಸೂತ್ರ ಹಾಕಿದೆ. ಹೋದ ತಿಂಗಳ ಒಂದು ಕೀ ಮುಂದೆ ನಮ್ಮ ವಿಳಾಸ ಬಂತು. ಸೂತ್ರದ ಕೊನೆಗೆ ಫಾಲ್ಸ್ ಅಂತ ಹಾಕಿದ್ರೇನೇ ಅದು ಸರಿಯಾಗಿ ಅದೇ ನಂಬರ್ ಹುಡುಕೋದು, ಅದನ್ನ ಮರೆತೆ, ನಂಬರ್ ಸಿಗದೆ ಹತ್ತಿರದ್ದನ್ನ ತಂದಿದೆ ಅಂದುಕೊಂಡೆ. ಹಾಕಿ ನೋಡಿದೆ, ಆಗಲೂ ನಮ್ಮದೇ. ನನ್ನ ಕೀ ಮೇಲಿನ ನಂಬರ್ ನೋಡಿದೆ. ಅದೇ.

ಅಮ್ಮನ ಕೀ ಎರಡು ದಿನ ಕಾಣದೆ, ಆಮೇಲೆ ಮೆಟ್ಟಿಲ ಮೇಲೆ ಸಿಕ್ಕಿತ್ತಲ್ಲ, ಅದಕ್ಕೇ ಯಾರೋ ನಿನ್ನ ಕೈಯಲ್ಲೇ ನಕಲು ಮಾಡಿಸಿಕೊಂಡಿದ್ದಾರೆ. ದಿನಕ್ಕೆ ಐವತ್ತು ಕೀ ನೋಡೋನಿಗೆ ಗುರುತು ಹತ್ತಲಿಲ್ಲ, ಬೈಯಲ್ಲ ಬಿಡು.

ಪಕ್ಕದ ಮನೆಯವರನ್ನ ಜೊತೆಗೆ ಕರಕೋ. ಇವತ್ತೇ ಬೀಗ ಬದಲಾಯಿಸು. ಪೊಲೀಸರಿಗೆ ನಾನು ದಾರಿಯಲ್ಲೇ ಹೇಳಿ ಹೋಗ್ತೀನಿ.

ಅಮ್ಮನಿಗೆ ಮೆಲ್ಲಗೆ ವಿಷಯ ಹೇಳಿದೆ. ಪೊರೆ ಬಂದ ಕಣ್ಣನ್ನ ನನ್ನ ಕಡೆ ತಿರುಗಿಸಿ ಕೇಳಿದಳು: "ಹಾಗಾದ್ರೆ ನೀನು ಕೆಲಸಕ್ಕೆ ಹೋದಮೇಲೆ, ದಿನಾ ಮಧ್ಯಾಹ್ನ ಬಂದು ನನ್ನ ಪಕ್ಕ ಕೂತು ಹೋಗೋದು ನಿಮ್ಮಣ್ಣ ಅಲ್ವೇನೇ? ಒಂದು ಮಾತೂ ಆಡಲ್ಲ. ನನ್ನ ಮೇಲೆ ಸಿಟ್ಟಿರಬೇಕು ಅಂತ ನಾನೂ ಸುಮ್ಮನಿದ್ದೆ."