ರಟ್ಟಿನ ಮರೆಯ ಹಿಂದೆ ಅಜ್ಜಿ ಕೇಳಿದ್ದು

ಮಂಚದ ಮೇಲೆ ಮಲಗಿಕೊಂಡೇ ಮನೆಯನ್ನೆಲ್ಲ ಆಳುತ್ತಿದ್ದ ನಮ್ಮ ಅಜ್ಜಿಗೆ,

ನಾನು ಸವಿತ. ನಿಮಗೆ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಬೆನ್ನು ಹುಣ್ಣಾಗದ ಹಾಗೆ ಹೊರಳಿಸಿ ಮಲಗಿಸುತ್ತಿದ್ದ ಸವಿತ. ಕೋಪ ಬಂದಿದೆ ಅಜ್ಜಿ. ಯಾರ ಹತ್ತಿರ ಹೇಳಿಕೊಳ್ಳಲಿ? ನೀವಿದ್ದಿದ್ದರೆ ಕಾಲು ಒತ್ತುತ್ತಾ ಎಲ್ಲ ಕಕ್ಕಿಬಿಡುತ್ತಿದ್ದೆ. ಈಗ ಕಾಗದವೇ ಗತಿ.

ನೆನಪಿದೆಯಾ, ಸಂಬಳ ಒಸಿ ಜಾಸ್ತಿ ಮಾಡಿ ಅಂತ ನಾನು ಕೇಳಿದ ದಿನ? ನಿಮ್ಮ ಮಗ ರಾಜಣ್ಣ ಪಕ್ಷದ ಸಭೆಗೆ ಹೊರಟು ಇಸ್ತ್ರಿ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. “ಅಯ್ಯೋ, ನೀನೇನು ಕೆಲಸದೋಳಾ ಸವಿತಾ? ಮನೆ ಮಗಳಿದ್ದಂಗೆ ಕಣವ್ವ” ಅಂದರು. ಸಂಬಳ ಕೇಳಿದರೆ ಮನೆ ಮಗಳು, ರಜ ಕೇಳಿದರೆ ಕೆಲಸದವಳು. ಆ ಸಂಜೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಅವರು ಹೆಣ್ಣುಮಕ್ಕಳ ಏಳಿಗೆಯ ಬಗ್ಗೆ ಮಾತಾಡಿದ್ದು ಮೈಕಿನಲ್ಲಿ ನಮ್ಮಿಬ್ಬರಿಗೂ ಕೇಳಿಸಿತು. ನೀವು ಗೋಡೆ ಕಡೆ ಮುಖ ತಿರುಗಿಸಿದಿರಿ.

ನನ್ನ ಮಗಳು ಪಲ್ಲವಿ ನಿಮ್ಮ ಮಂಚದ ಕೆಳಗೆ ಕೂರುತ್ತಿದ್ದಳಲ್ಲ, ಅದು ಆಗಾಗ ಕಣ್ಣಿಗೆ ಕಟ್ಟುತ್ತದೆ. ಮಧ್ಯಾಹ್ನ ಅಂಗನವಾಡಿ ಮುಚ್ಚಿದ ಮೇಲೆ ನಾಲ್ಕು ವರ್ಷದ ಕೂಸನ್ನು ಇನ್ನೆಲ್ಲಿ ಬಿಡಲಿ? ಅವರಪ್ಪ ಬಿಟ್ಟುಹೋದ ಮೇಲೆ ನಮಗಿರುವುದು ಬಾಡಿಗೆಯ ಒಂದು ಕೋಣೆ, ಅದಕ್ಕೂ ಹಗಲೆಲ್ಲ ಬೀಗ. ಅಂಗನವಾಡಿಯಲ್ಲಿ ತಿಂದ ಅನ್ನ ಸಂಜೆಯವರೆಗೆ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ನೀವು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು, “ಸಾಕು ತಗಿ, ಹೊಟ್ಟೆ ತುಂಬೋಯ್ತು” ಅನ್ನುತ್ತಿದ್ದಿರಿ. ಮಂಚದ ಕೆಳಗಿನಿಂದ ಪುಟ್ಟ ಕೈ ಬರುತ್ತಿತ್ತು. “ಅತ್ತೆ ಯಾಕೋ ಸೊರಗ್ತಾವ್ರೆ” ಅಂತ ನಿಮ್ಮ ಸೊಸೆ ಅಂದಾಗ ನಾನು ಬೇಗ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ರಾಜಣ್ಣನಿಗಂತೂ ಆ ಮಗುವಿನ ಹೆಸರೂ ಗೊತ್ತಿರಲಿಲ್ಲ.

ವೋಟಿನವರು ಮನೆಗೇ ಬಂದ ದಿನವನ್ನು ಹೇಗೆ ಮರೆಯಲಿ? ತೀರ ವಯಸ್ಸಾದವರು ಮನೆಯಲ್ಲೇ ಮತ ಹಾಕಬಹುದು ಅಂತ ಬಂದು, ನಿಮ್ಮ ಮಂಚದ ಪಕ್ಕ ರಟ್ಟಿನ ಮರೆ ನಿಲ್ಲಿಸಿದರು. ನಿಮಗೆ ಕಣ್ಣು ಕಾಣದಿದ್ದರಿಂದ ಗುರುತು ಹಾಕಲು ಜೊತೆಗೊಬ್ಬರು ಬೇಕಿತ್ತು. ರಾಜಣ್ಣ ಮುಂದೆ ಬಂದರು. “ನೀನ್ ಆಚೆಗೋಗ್ಲಾ. ನನ್ನ ಉಚ್ಚೆ ಬಟ್ಟೆ ಒಗಿಯೋಳು ಅವ್ಳು. ವೋಟೂ ಅವ್ಳೇ ಹಾಕ್ಲಿ” ಅಂದುಬಿಟ್ಟಿರಿ. ಅಧಿಕಾರಿಗಳ ಎದುರಿಗೆ ಅವರೇನು ಮಾತಾಡಿಯಾರು? ಗುಟ್ಟು ಬಿಡುವುದಿಲ್ಲ ಅಂತ ನನ್ನ ಕೈಲಿ ಸಹಿ ಹಾಕಿಸಿಕೊಂಡರು.

ಮರೆಯ ಹಿಂದೆ ನಿಮ್ಮ ಕಿವಿಯಲ್ಲಿ ಒಂದೊಂದೇ ಹೆಸರು ಓದಿದೆ. “ಇವ್ನು ಮಗೀನ ಊಟದ ಮಾತಾಡಿದ್ನಾ?” ಅಂದಿರಿ. ಇಲ್ಲ ಅಜ್ಜಿ. “ಇವ್ನು? ಮಕ್ಳ ಬುಟ್ಟು ಕೆಲ್ಸಕ್ಕೋಗಕ್ಕೆ ಒಂದು ತಾವು ಮಾಡ್ತೀನಿ ಅಂದ್ನಾ?” ಇಲ್ಲ ಅಜ್ಜಿ. ರಸ್ತೆ, ದೇವಸ್ಥಾನ, ಯಾರ ಅಪ್ಪ ಏನು ಮಾಡಿದ, ಯಾರ ಮಗ ಏನು ಕದ್ದ, ಎಲ್ಲ ಆಡಿದ್ದರು. ಅದೊಂದು ಮಾತು ಮಾತ್ರ... ಕೊನೆಗೆ ನಿಟ್ಟುಸಿರು ಬಿಟ್ಟು, ಎಲ್ಲಿ ಗುರುತು ಹಾಕಬೇಕೆಂದು ಹೇಳಿದಿರಿ. ಹೇಳಿದಲ್ಲೇ ಹಾಕಿದೆ.

ನೀವು ಹೋಗಿ ಇನ್ನೂ ತಿಥಿ ಆಗಿರಲಿಲ್ಲ, ಊರಿನವರ ಮತದಾನವೂ ಬಾಕಿಯಿತ್ತು. ಅದೇ ಬಸ್‌ಸ್ಟ್ಯಾಂಡ್ ಹತ್ತಿರ ರಾಜಣ್ಣ ಮೈಕು ಹಿಡಿದು, “ನಮ್ಮವ್ವ ತನ್ನ ಕೊನೇ ವೋಟ ನಮ್ ಪಕ್ಷಕ್ಕೇ ಹಾಕ್ಬುಟ್ಟು ಹೋದ್ಲು” ಅಂತ ಕಣ್ಣೊರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನು ಪಲ್ಲವಿಯನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದೆ, ತಟ್ಟಲಿಲ್ಲ. ಅವರು ನನ್ನನ್ನು ನೋಡಿದರು. ಮುಂದಿನ ಮಾತು ಅವರಿಗೆ ಮರೆತುಹೋಯಿತು.

ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ರಾಜಣ್ಣನ ಕಡೆಯವರು ಸೋತರು. ಗೆದ್ದವರೇನು ಹೆಚ್ಚು? ಹಾರ ಹಾಕಿಸಿಕೊಂಡು ಹೋದವರು ಈ ಬೀದಿಗೆ ತಲೆ ಹಾಕಿಲ್ಲ, ಅಂಗನವಾಡಿ ಈಗಲೂ ಅದೇ ಹೊತ್ತಿಗೆ ಮುಚ್ಚುತ್ತದೆ. ನಾನು ರೈಲ್ವೆ ಸ್ಟೇಷನ್ ಹತ್ತಿರ ಲಕ್ವ ಹೊಡೆದ ಒಬ್ಬ ತಾತನನ್ನು ನೋಡಿಕೊಳ್ಳಲು ಸೇರಿದ್ದೇನೆ. ಅಲ್ಲಿಯೂ ನಾನು ಮನೆ ಮಗಳೇ, ಸಂಬಳವೂ ಅಷ್ಟೇ. ಆ ಮಂಚದ ಕೆಳಗೆ ಜಾಗವಿಲ್ಲ. ಪಲ್ಲವಿ ಗೇಟಿನ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾಳೆ. ಮೈ ಉರಿಯುತ್ತದೆ ಅಜ್ಜಿ, ಏನು ಮಾಡಲಿ?

ಮೊನ್ನೆ ರಾಜಣ್ಣ ನಮ್ಮ ಕೋಣೆಗೇ ಬಂದು ಕೂತರು. “ನಿಜ ಹೇಳ್ಬುಡವ್ವ. ನಮ್ಮವ್ವ ಯಾರ್ಗಾಕುದ್ಲು? ನಿದ್ದೆ ಬರಾಕಿಲ್ಲ ಕಣವ್ವ.”

“ಸೈನ್ ಹಾಕಿವ್ನಿ ಅಣ್ಣ. ಹೇಳಂಗಿಲ್ಲ.”

ಕೋಪ ನುಂಗಿಕೊಂಡು ಎದ್ದರು. ಚಪ್ಪಲಿ ಮೆಟ್ಟುವಾಗ ಮೂಲೆಯಲ್ಲಿದ್ದ ಪಲ್ಲವಿ ಕಂಡಳು. ನನ್ನನ್ನು ಒಲಿಸಿಕೊಳ್ಳಲೋ ಏನೋ, ಬಗ್ಗಿ ಅವಳ ತಲೆ ಸವರಿದರು. “ಏನವ್ವ ನಿನ್ನೆಸ್ರು? ಊಟ ಮಾಡುದ್ಯಾ?” ಅವಳು ಇಲ್ಲ ಅಂತ ತಲೆಯಾಡಿಸಿದಳು. ನಿನ್ನೆ ಮತ್ತೆ ಬಂದರು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಮೊದಲು ಮಗೀನ ಊಟ ವಿಚಾರಿಸಿ, ಆಮೇಲೆ ವೋಟಿನ ಮಾತು ತೆಗೆದರು.

ಹೇಳುವುದಿಲ್ಲ ಅಜ್ಜಿ, ನಿಮ್ಮಾಣೆ. ಈ ಕಾಗದದಲ್ಲೂ ಬರೆಯುವುದಿಲ್ಲ. ಮುಂದಿನ ಎಲೆಕ್ಷನ್‌ವರೆಗೂ ಅವರು ಬಂದು, ಮಗೀದು ಊಟ ಆಯ್ತಾ ಅಂತ ಕೇಳುತ್ತಲೇ ಇರಲಿ.