ಫೋಟೋ ಇಲ್ಲದ ತರಗತಿ

ಪ್ರೀತಿಯ ಮೇಷ್ಟ್ರೇ,

ನೀವಿರುವಲ್ಲಿ ವಾರ್ಷಿಕ ವರದಿ ಕೇಳುವವರು ಯಾರೂ ಇಲ್ಲವೆಂದು ನಂಬಿದ್ದೇನೆ. ಅಷ್ಟಿದ್ದರೆ ಅದನ್ನೇ ಸ್ವರ್ಗವೆನ್ನಲು ನನ್ನ ಅಭ್ಯಂತರವಿಲ್ಲ.

ನೆನಪಿದೆಯೇ, ಭಾನುವಾರದ ಕನ್ನಡ ತರಗತಿಯ ಮೊದಲ ದಿನ ನಾನು ಬ್ಯಾನರು, ಕ್ಯಾಮೆರಾ ಹೊತ್ತು ಬಂದಿದ್ದೆ? ಆರ್.ಟಿ. ನಗರದಿಂದ ಬಂದಿದ್ದ ಹನ್ನೊಂದು ಜನ ಹೆಂಗಸರು ದುಪಟ್ಟಾ ಮುಖಕ್ಕೆ ಎಳೆದುಕೊಂಡರು. ನೀವು ಬ್ಯಾನರು ಮಡಿಸಿ ಕಿಟಕಿಯ ಒಡೆದ ಗಾಜಿಗೆ ಅಡ್ಡ ಕಟ್ಟಿದಿರಿ. "ಕಲಿಯೋಕೆ ಬಂದೋರನ್ನ ಪ್ರದರ್ಶನಕ್ಕಿಡ್ಬಾರ್ದು ಕಣಯ್ಯ" ಅಂದಿರಿ. ಏಳು ವರ್ಷದಲ್ಲಿ ಒಂದೂ ಫೋಟೋ ಇಲ್ಲ. ನಿಮ್ಮ ನಂತರ ತರಗತಿ ನಡೆಸುತ್ತ ಆ ಮಹಾನ್ ಆದರ್ಶದ ಫಲ ಉಣ್ಣುತ್ತಿರುವವನು ನಾನು.

ಕಳೆದ ತಿಂಗಳು, ನಮಗೆ ಕೊಠಡಿ ಕೊಟ್ಟಿದ್ದ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗಕ್ಕೆ ಬಂದ ಹೊಸ ನಿರ್ದೇಶಕರು ಕಡತ ತಿರುವಿ, ಫೋಟೋ ಇಲ್ಲದ್ದರಿಂದ ಇಂಥ ತರಗತಿಯೇ ನಡೆದಿಲ್ಲವೆಂದು ತೀರ್ಮಾನಿಸಿದರು. ಕೊಠಡಿಗೆ ಬೀಗ ಬಿತ್ತು. ಪ್ರತಿವರ್ಷ ಅದೇ ಗುಂಡಿಗಳಲ್ಲಿ ಗಿಡ ನೆಟ್ಟು ಫೋಟೋ ತೆಗೆಸುವ ಪರಿಸರ ಘಟಕ ಮಾತ್ರ ನಳನಳಿಸುತ್ತಿದೆ. ಗಿಡಗಳ ವಿಷಯ ಕೇಳಬೇಡಿ. ಕರುಣಾಳು ನಿರ್ದೇಶಕರು ಪರಿಹಾರವನ್ನೂ ಸೂಚಿಸಿದರು: ಹೆಂಗಸರು ಅ, ಆ ಬರೆದ ಸ್ಲೇಟು ಹಿಡಿದು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರೆ ಬೀಗ ತೆಗೆಸುತ್ತಾರಂತೆ.

ನಾನು ಒಪ್ಪಿಕೊಂಡೆ, ಮೇಷ್ಟ್ರೇ. ಬೈಯಿರಿ. ಹೇಗಾದರೂ ಕೊಠಡಿ ಉಳಿಯಲಿ ಅಂತ... ಹನ್ನೊಂದು ಸ್ಲೇಟುಗಳನ್ನೂ ನಾನೇ ಕೊಂಡು ತಂದೆ.

ಚಾಂದ್‌ಬೀ ಗೊತ್ತಲ್ಲ, ಬಸ್ಸಿನ ಬೋರ್ಡು ಓದಲು ಬಂದರೆ ಸಾಕೆಂದು ಸೇರಿದ್ದ, ಬಟ್ಟೆ ಹೊಲಿಯುವ ಹೆಂಗಸು? ಮೊನ್ನೆ ಭಾನುವಾರ ಸ್ಲೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟರು.

"ಸಾರ್, ನಾನ್ ದಿನಾ ಪೇಪರ್ ಓದ್ತೀನಿ. ಈಗ್ ತಾನೇ ಕಲಿಯೋಕ್ ಬಂದೋಳ ಥರ ಯಾಕ್ ನಿಂತ್ಕೋಬೇಕು? ನೀವೇ ಹಿಡ್ಕೊಳ್ಳಿ, ಚೆನ್ನಾಗ್ ಕಾಣ್ತೀರ."

ನಾನು ಸ್ಲೇಟು ಹಿಡಿದು ನಿಂತಿರುವಾಗಲೇ ಅವರು ಮೆಟ್ಟಿಲ ಮೇಲೆ ಕುಳಿತು, ಕೊಠಡಿ ತೆರೆಯಬೇಕೆಂದು ಒಂದು ಪುಟದ ಅರ್ಜಿ ಬರೆದರು. ಹನ್ನೊಂದೂ ಜನ ರುಜು ಹಾಕಿದರು. ಹೆಬ್ಬೆಟ್ಟು ಒಂದೂ ಇಲ್ಲ. ಇದಕ್ಕಿಂತ ಬೇರೆ ಯಾವ ಪುರಾವೆ ಬೇಕಿತ್ತು, ಹೇಳಿ?

ಸೋಮವಾರ ಆ ಅರ್ಜಿಯನ್ನು ಅವರೇ ಒಯ್ದು ಕೊಟ್ಟರು. ನಾನು ಹಿಂದೆ ನಿಂತಿದ್ದೆ. ನಿರ್ದೇಶಕರು ಎರಡು ಸಲ ಓದಿದರು. "ಚೆನ್ನಾಗಿದೆ. ಯಾರ್ ಬರ್ಕೊಟ್ರಮ್ಮ?" ಅಂದರು.

"ನಾನೇ ಬರ್ದಿದ್ದು. ಇನ್ನೊಂದ್ ಬರೀಲಾ?"

ಬೀಗ ಇನ್ನೂ ತೆಗೆದಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆಯಂತೆ. ಈ ಭಾನುವಾರದ ತರಗತಿ ಬೀಗದ ಮುಂದೆಯೇ ನಡೆಯುತ್ತದೆ. ಪಾಠ: ಕುಲಪತಿಗಳಿಗೆ ಅರ್ಜಿ ಬರೆಯುವುದು. ಹೇಳಿಕೊಡುವವರು ಚಾಂದ್‌ಬೀ. ಎಲ್ಲರಿಗಿಂತ ಮೊದಲು ಹೋಗಿ ಕೂತಿರುತ್ತೇನೆ, ಮೇಷ್ಟ್ರೇ.

ನಿಮ್ಮ ಹಳೆಯ ಶಿಷ್ಯ